ಬಡಿಸಿಕೊಂಡವನ ಮಾತು

ಈರಣ್ಣ ಕಾಕಾ ಹೊಸ ಹುಡುಗನ ಕೈಗೆ ಮೊದಲು ಬಂದೂಕು ಕೊಡುತ್ತಿರಲಿಲ್ಲ. ಮೊದಲು ಅವನ ಬೆನ್ನಿಗೆ ಒಂದು ಗುಂಡು ಹಾಕುತ್ತಿದ್ದರು. ಪ್ರಾಣ ತೆಗೆಯುವ ಗುಂಡಲ್ಲ. ಏರ್‌ಸಾಫ್ಟ್ ಆಟದ ಪ್ಲಾಸ್ಟಿಕ್ ಗುಂಡು. ಬಿಳಿ, ದುಂಡಗೆ, ಮೆಣಸಿನ ಕಾಳಿಗಿಂತ ತುಸು ದೊಡ್ಡದು. ನಾವು ಹುಡುಗರು ಅದಕ್ಕೆ ಸಾಬೂದಾನಿ ಎನ್ನುತ್ತಿದ್ದೆವು. ಹತ್ತು ಹೆಜ್ಜೆ ದೂರದಿಂದ ಬರಿ ಬೆನ್ನಿಗೆ ಬಿದ್ದ ಸಾಬೂದಾನಿ ಏನು ಮಾಡುತ್ತದೆ ಎಂಬುದು ಬಿದ್ದವನಿಗೇ ಗೊತ್ತು. ಎಂಟನೆಯ ತರಗತಿಯಲ್ಲಿದ್ದ ನಾನು ಅಂಗಿ ಬಿಚ್ಚಿ, ಗೋಡೆಗೆ ಮುಖ ಮಾಡಿ ನಿಂತು, "ಯಾವಾಗ ಹೊಡೀತೀರಿ ಕಾಕಾ?" ಎಂದು ಕೇಳಿದೆ.

"ನೀ ಮರತಾಗ" ಎಂದರು.

ಹೇಳಿ, ಬಾಗಿಲಿಗೆ ಬಂದಿದ್ದ ಯಾರೊಂದಿಗೋ ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತಿಯ ದರ ಹೇಗಿದೆ ಎಂದು ಮಾತಿಗಿಳಿದರು. ಮೊದಮೊದಲು ಬೆನ್ನು ಬಿಗಿಹಿಡಿದು ನಿಂತಿದ್ದ ನಾನು ಬರಬರುತ್ತ ಆ ಮಾತನ್ನೇ ಕೇಳತೊಡಗಿದೆ. ಆಗ ಬಿತ್ತು. ಚೇಳು ಕಡಿದಂತಾಗಿ ಕೂಗಿದೆ, ಕಣ್ಣಲ್ಲಿ ನೀರು ಬಂತು. ಕಾಕಾ ಹತ್ತಿರ ಬಂದು ಗಾಯ ನೋಡಿ, ಮೆಚ್ಚಿದವರಂತೆ ತಲೆಯಾಡಿಸಿದರು. "ಅಳು, ಅಳು. ಆದ್ರ ಆಟದಾಗ ಕನ್ನಡಕ ಹಾಕ್ಕೊಂಡು ಅಳಬ್ಯಾಡ. ಒಳಗ ಹಬಿ ಹಿಡೀತೈತಿ, ಏನೂ ಕಾಣಂಗಿಲ್ಲ."

ಇದೇ ಮನುಷ್ಯ ಆಮೇಲೆ ಕೊಬ್ಬರಿ ಎಣ್ಣೆ ತಂದು ತಾವೇ ಬೆನ್ನಿಗೆ ಸವರಿದರು. ಅವರ ಕ್ರೌರ್ಯಕ್ಕೂ ಪ್ರೀತಿಗೂ ನಡುವೆ ಎರಡು ನಿಮಿಷದ ಅಂತರ ಕೂಡ ಇರುತ್ತಿರಲಿಲ್ಲ. ಹದಿಮೂರರ ವಯಸ್ಸಿಗೆ ಅದು ಮಹಾ ಗಂಡಸುತನವಾಗಿ ಕಂಡಿತ್ತು.

ಕಾಕಾ ನಮಗೆ ಯಾರಿಗೂ ರಕ್ತಸಂಬಂಧಿಯಲ್ಲ. ಹತ್ತಿ ವ್ಯಾಪಾರದ ದೊಡ್ಡ ಮನೆತನದವರು. ಅಣ್ಣತಮ್ಮಂದಿರು ದಲಾಲಿಯ ಅಡತಿ ಅಂಗಡಿ ನೋಡಿಕೊಂಡರೆ ಇವರ ಪಾಲಿಗೆ ಬಂದದ್ದು ಹತ್ತಿಯ ಬೀಜ ಬಿಡಿಸುತ್ತಿದ್ದ, ಈಗ ನಿಂತುಹೋದ ಜಿನ್ನಿಂಗ್ ಶೆಡ್ಡು. ಐವತ್ತರ ಆಸುಪಾಸು, ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪುಣೆಯಲ್ಲಿದ್ದ ಅಳಿಯನೊಬ್ಬ ಈ ಆಟ ತೋರಿಸಿದನಂತೆ. ನೋಡಿ ಬಂದವರೇ ಶೆಡ್ಡಿನೊಳಗೆ ಮರಳು ತುಂಬಿದ ಚೀಲಗಳ ಸಾಲು ಕಟ್ಟಿಸಿದರು, ಹಳೆಯ ಯಂತ್ರಗಳನ್ನು ಇದ್ದಲ್ಲೇ ಬಿಟ್ಟರು, ಆರೆಂಟು ಬಂದೂಕು ತರಿಸಿದರು. ಭಾನುವಾರ ಮುಂಜಾನೆ ಪೂಜೆ ಮುಗಿಸಿ ಬಂದು, ಸ್ಟೀಲಿನ ತಾಟಿನಲ್ಲಿ ಸಾಬೂದಾನಿ ಉರುಳಿಸಿ ನೋಡುತ್ತ ಕೂಡುತ್ತಿದ್ದರು. ನೆಟ್ಟಗೆ ಉರುಳಿದ್ದು ಒಂದು ಡಬ್ಬಿಗೆ, ಓಲಾಡಿದ್ದು ಕಸಕ್ಕೆ. ಹುಡುಗರನ್ನೂ ಹೀಗೇ ಆರಿಸುತ್ತಾರೆ ಎಂದು ನಾವು ಹೆದರಿಕೊಂಡಿದ್ದೆವು. ನವನಗರದ ನಮ್ಮ ಮನೆಯವರಿಗೆ ಮಾತ್ರ ಅವರ ಮೇಲೆ ಪೂರ್ತಿ ಭರವಸೆ. ದೊಡ್ಡ ಮಂದಿ, ದೇವರು ದಿಂಡರು ಎನ್ನುವವರು, ಹುಡುಗರು ಮೊಬೈಲು ಬಿಟ್ಟು ಬೆವರು ಸುರಿಸಲಿ ಎಂದು ಅಪ್ಪ ಅನ್ನುತ್ತಿದ್ದರು. ಅಪ್ಪ ನಮ್ಮ ಬೆನ್ನು ನೋಡಿರಲಿಲ್ಲ.

ಕನ್ನಡಕದ ವಿಷಯದಲ್ಲಿ ಕಾಕಾ ರಾಕ್ಷಸ. ದುರ್ಗದಬೈಲಿನ ಪೇಟೆಯಿಂದ ತಂದ ದಪ್ಪ ಪ್ಲಾಸ್ಟಿಕ್ ಕನ್ನಡಕ ಅವು. ಕಿವಿಯ ಹಿಂದಿನಿಂದ ರಬ್ಬರ್ ಪಟ್ಟಿ. ಬೇಸಿಗೆಯಲ್ಲಿ ಬೆವರಿನ ಹಬೆ ಕೂತು ಎದುರಿಗಿನದು ಎಮ್ಮೆಯೋ ಮನುಷ್ಯನೋ ತಿಳಿಯುತ್ತಿರಲಿಲ್ಲ. ಒಮ್ಮೆ ತಡೆಯದೆ ನಾನು ಕನ್ನಡಕ ಎತ್ತಿ ಅಂಗಿಯ ತುದಿಯಿಂದ ಒರೆಸಿಕೊಂಡೆ. ಕಾಕಾ ಸೀಟಿ ಊದಿ ಆಟ ನಿಲ್ಲಿಸಿದರು.

"ಇವಗ ಕಣ್ಣು ಬ್ಯಾಡಂತ. ಬ್ಯಾಡಾದ್ರ ಇಲ್ಲದ ನಡೀಲಿ."

ತಮ್ಮ ಟಾವೆಲ್ಲಿನಿಂದ ನನ್ನ ಕಣ್ಣು ಕಟ್ಟಿದರು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹತ್ತು ಸಲ ನಡೆ ಎಂದರು. ಯಾರೂ ಕೈ ಹಿಡಿಯುವಂತಿಲ್ಲ, ದಾರಿ ಹೇಳುವಂತಿಲ್ಲ. ನಾಲ್ಕನೆಯ ಸಲ ಯಂತ್ರದ ಕಬ್ಬಿಣಕ್ಕೆ ಮೊಳಕಾಲು ಬಡಿದು ಕೆಳಗೆ ಬಿದ್ದೆ. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಕಾಕಾ ಮಿರ್ಚಿ ಭಜಿ ತಿನ್ನುತ್ತಿದ್ದ ವಾಸನೆ ಬಂತು. "ಆರು ಉಳದಾವ ನೋಡು" ಎಂದರು. ಹತ್ತೂ ಮುಗಿಸಿದ ಮೇಲೆ ಗಾಯ ತೊಳೆದು ಅರಿಷಿಣ ಮೆತ್ತಿ, ಉಳಿದ ಎರಡು ಮಿರ್ಚಿ ನನ್ನ ಕೈಗಿಟ್ಟರು. ಆ ಹೊತ್ತಿನಿಂದ ನಾನು ಅವರ ಗುಲಾಮನಾದೆ. ಹುಡುಗರ ಬುದ್ಧಿಯೇ ಹಾಗೆ. ಹೊಡೆದವನು ಒಮ್ಮೆ ಬೆನ್ನು ಸವರಿದರೆ ಸಾಕು, ಜನ್ಮವಿಡೀ ಅವನ ಹಿಂದೆ ಸುತ್ತುತ್ತೇವೆ.

ಆಟದ ಜೀವ ಇರುವುದು ಒಂದೇ ನಿಯಮದಲ್ಲಿ. ಸಾಬೂದಾನಿ ಬಣ್ಣ ಬಿಡುವುದಿಲ್ಲ, ಬಟ್ಟೆಯ ಮೇಲೆ ಗುರುತು ಉಳಿಸುವುದಿಲ್ಲ. ತಗುಲಿತೋ ಇಲ್ಲವೋ ಎಂಬುದು ತಗುಲಿಸಿಕೊಂಡವನಿಗೆ ಮಾತ್ರ ಗೊತ್ತು. ಅವನೇ ಕೈ ಎತ್ತಿ "ಬಡೀತ್ರಿ" ಎನ್ನಬೇಕು, ತಾನಾಗಿ ಹೊರಗೆ ಹೋಗಬೇಕು. ಅಂಪೈರ್ ಇಲ್ಲ. ಹೊಡೆದವನು "ನಾ ಹೊಡದೆ, ಅವಗ ಬಡೀತು" ಎಂದು ಬಾಯಿಬಿಡುವಂತಿಲ್ಲ; ಬಿಟ್ಟರೆ ಅದು ಎದುರಿನವನನ್ನು ಕಳ್ಳ ಎಂದಂತೆ. "ಹೊಡದಾವಗ ಬಾಯಿ ಇಲ್ಲ. ಬಡಿಸಿಕೊಂಡಾವಗ ಅಷ್ಟ ಬಾಯಿ" ಎಂದು ಕಾಕಾ ವಾರಕ್ಕೊಮ್ಮೆ ಹೇಳುತ್ತಿದ್ದರು. ಈ ನಿಯಮ ಮುರಿದವನಿಗೆ ಗೋಡೆ. ಅಂಗಿ ಬಿಚ್ಚಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಉಳಿದವರೆಲ್ಲ ಸಾಲಾಗಿ ಬಂದು ಒಂದೊಂದು ಹೊಡೆಯಬೇಕು. ನಾನು ಹೋಗುತ್ತಿದ್ದ ಮೂರು ವರ್ಷದಲ್ಲಿ ಗೋಡೆಗೆ ನಿಂತವನು ಒಬ್ಬನೇ.

ಅವನು ಮಲ್ಲು. ಧಾರವಾಡದ ಹತ್ತಿರದ ಗರಗದವನು, ಖಾದಿ ನೇಯುವವರ ಮನೆಯ ಹುಡುಗ. ಸಾಲಿ ಕಲಿಯಲು ನಮ್ಮ ನವನಗರದಲ್ಲಿದ್ದ ಅವ್ವನ ತಂಗಿ ಚಿಗವ್ವನ ಮನೆಗೆ ಬಂದಿದ್ದ. ನನಗಿಂತ ಒಂದು ವರ್ಷ ಚಿಕ್ಕವನು. ಅಪ್ಪನ ಖಾದಿ ಅಂಗಿಯನ್ನು ಕತ್ತರಿಸಿ ಹೊಲಿದದ್ದನ್ನೇ ಹಾಕಿಕೊಂಡು ಆಡುತ್ತಿದ್ದ. ಆ ಅಂಗಿ ಎಷ್ಟು ದಪ್ಪವೆಂದರೆ ಗುಂಡು ಬಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಆದರೂ ಕೈ ಎತ್ತುತ್ತಿದ್ದ. "ಸಪ್ಪಳ ಆತ್ರಿ ಕಾಕಾ, ಬಡದಿರಬೇಕು" ಎನ್ನುತ್ತಿದ್ದ. ಚೀಲಕ್ಕೆ ಬಿದ್ದ ಗುಂಡಿಗೂ ಹೊರಗೆ ಹೋಗಿ ಕೂಡುತ್ತಿದ್ದ ಆಸಾಮಿ. ನಾವು ಬೇಕೆಂದೇ ಅವನ ಹಿಂದೆ ಚಪ್ಪಾಳೆ ತಟ್ಟಿ ಹೊರಗೆ ಕಳಿಸಿದ್ದೂ ಉಂಟು. ಕಾಕಾ ನಗುತ್ತಲೂ ಇರಲಿಲ್ಲ, ನಮ್ಮನ್ನು ಬಯ್ಯುತ್ತಲೂ ಇರಲಿಲ್ಲ. ಮಲ್ಲುವನ್ನೇ ಬಹಳ ಹೊತ್ತು ನೋಡುತ್ತಿದ್ದರು. ಆ ನೋಟ ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು.

ನಾನು ಸೇರಿದ ವರ್ಷವೇ ಏಪ್ರಿಲ್‌ನಲ್ಲಿ ಬೆಳಗಾವಿಯ ಹುಡುಗರ ಜೊತೆ ಪಂದ್ಯ ಗೊತ್ತಾಯಿತು. ನಾವು ಎಂಟು ಮಂದಿ, ಹೋಗುವವರು ಆರು. ಐವರನ್ನು ಕಾಕಾ ಆರಿಸಿಯಾಗಿತ್ತು, ಒಬ್ಬನನ್ನು ಬಿಟ್ಟಾಗಿತ್ತು. ಆರನೆಯ ಜಾಗಕ್ಕೆ ನಾನು ಮತ್ತು ಮಲ್ಲು. ಇಬ್ಬರೇ ಶೆಡ್ಡಿನೊಳಗೆ ಆಡಿರಿ, ಕೊನೆಗೆ ಉಳಿದವನು ಟೆಂಪೋ ಹತ್ತಲಿ ಎಂದರು. ಆ ಟೆಂಪೋದಲ್ಲಿ ನಾನಿಲ್ಲದ ಬೆಳಗಾವಿಯನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಸಾಲಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ ಬೇರೆ.

ಮಲ್ಲು ಎಷ್ಟು ಮೆಲ್ಲಗೆ ನಡೆಯುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಚೀಲಗಳ ಮರೆಯಲ್ಲಿ ಕೂತು ಮುಂದೆ ನೋಡುತ್ತಿದ್ದೆ. ಅವನು ಸುತ್ತಿ ಹಿಂದಿನಿಂದ ಬಂದಿದ್ದ. ಗುಂಡು ಸರಿಯಾಗಿ ಬಲಗಿವಿಯ ಹಿಂದೆ, ಕೂದಲು ಮುಗಿಯುವಲ್ಲಿ ಬಿತ್ತು. ಕೂಗು ಗಂಟಲ ತನಕ ಬಂತು, ನುಂಗಿದೆ. ಹೊಡೆದ ಮಲ್ಲು ಬಂದೂಕು ಕೆಳಗಿಳಿಸಿ, ನಾನು ಕೈ ಎತ್ತುವುದನ್ನು ಕಾಯುತ್ತ ಎದ್ದು ನಿಂತ. ನಾನು ತಿರುಗಿ ಅವನ ಎದೆಗೆ ಹೊಡೆದೆ.

"ಬಡೀತ್ರಿ" ಎಂದು ಅವನು ಕೈ ಎತ್ತಿದ. ಆಮೇಲೆ ನನ್ನನ್ನು ನೋಡಿ, ಬೆರಗಾಗಿ, "ಆದ್ರ ಸಂತ್ಯಾಗ ಮೊದ್ಲ ಬಡದೈತ್ರಿ ಕಾಕಾ. ನಾ ಹೊಡದೇನಿ" ಎಂದ.

ಎಲ್ಲರೂ ಸುತ್ತ ಬಂದು ನಿಂತರು. ಕಾಕಾ ನನ್ನ ಮುಂದೆ ಬಂದರು. "ಸಂತ್ಯಾ, ಬಡೀತೇನು?"

"ಇಲ್ರಿ ಕಾಕಾ."

"ಖರೇ ಹೇಳು."

"ಖರೇನ ಇಲ್ರಿ."

ಕಾಕಾ ಮಲ್ಲುವಿನ ಕಡೆ ತಿರುಗಿ, "ಅಂಗಿ ತಗಿ" ಎಂದರು.

ಮಲ್ಲು ವಾದ ಮಾಡಲಿಲ್ಲ. ಖಾದಿ ಅಂಗಿ ಬಿಚ್ಚಿ, ಮಡಚಿ, ಚೀಲದ ಮೇಲಿಟ್ಟು ಗೋಡೆಗೆ ನಿಂತ. ಅವನ ಬೆನ್ನು ಬಹಳ ಸಣ್ಣದಿತ್ತು. ಕಾಕಾ ನಮ್ಮನ್ನು ಸಾಲಾಗಿ ನಿಲ್ಲಿಸಿದರು; ನಾನು ಮುಂದೆ ಹೋದರೆ ತೋಳು ಹಿಡಿದು ಎಲ್ಲರಿಗಿಂತ ಹಿಂದೆ ಹಾಕಿದರು. ಮೊದಲನೆಯವನು ಪ್ರವೀಣ, ನನ್ನ ಜೀವದ ಗೆಳೆಯ. ಹೊಡೆದ. ಮಲ್ಲುವಿನ ಬೆನ್ನು ನಡುಗಿತು. ಅವನು ಕೈ ಎತ್ತಿ "ಬಡೀತ್ರಿ" ಎಂದ. ಯಾರೋ ಕಿಸಕ್ಕೆಂದು ನಕ್ಕರು. ಎರಡನೆಯವನು ಹೊಡೆದ. ಮತ್ತೆ ಕೈ ಎತ್ತಿ "ಬಡೀತ್ರಿ" ಎಂದ. ಮೂರನೆಯದಕ್ಕೆ ಯಾರೂ ನಗಲಿಲ್ಲ. ಒಬ್ಬೊಬ್ಬರು ಹೊಡೆದಾಗಲೂ ಅವನು ಹಾಗೇ ಕೈ ಎತ್ತಿ ಹೇಳಿದ. ಐದನೆಯದಕ್ಕೆ ದನಿ ಒಡೆಯಿತು, ಆದರೂ ಹೇಳಿದ. ಆರು ಕೆಂಪು ಗುರುತು ಮೂಡಿದ ಮೇಲೆ ನನ್ನ ಸರದಿ ಬಂತು. ಕಾಕಾ ನನ್ನ ಪಕ್ಕದಲ್ಲೇ ನಿಂತಿದ್ದರು. ಕಿವಿಯ ಹಿಂದೆ ಉರಿಯುತ್ತಲೇ ಇತ್ತು. ಬೇಗ ಮುಗಿದರೆ ಸಾಕೆಂದು ಹೊಡೆದೆ.

"ಬಡೀತ್ರಿ" ಎಂದ ಮಲ್ಲು. ಅಂಗಿ ಹಾಕಿಕೊಂಡು, ಕನ್ನಡಕ ಒರೆಸಿ ಡಬ್ಬಿಯಲ್ಲಿಟ್ಟು ಹೋದ. ಮುಂದಿನ ಭಾನುವಾರ ಬರಲಿಲ್ಲ. ವರ್ಷ ಮುಗಿದ ಮೇಲೆ ಚಿಗವ್ವನ ಮನೆ ಬಿಟ್ಟು ಊರಿಗೇ ಹೋದನೆಂದು ಕೇಳಿದೆ.

ಬೆಳಗಾವಿಯಲ್ಲಿ ನಾವು ಗೆದ್ದೆವು. ಅಲ್ಲಿಂದ ಮುಂದೆ ಕಾಕಾ ನನಗೆ ತಮ್ಮ ಸ್ವಂತ ಬಂದೂಕನ್ನೇ ಕೊಡತೊಡಗಿದರು. ಆದರೆ ಬಯ್ಯುವುದನ್ನು ಬಿಟ್ಟರು. ಕನ್ನಡಕ ಎತ್ತಿ ಒರೆಸಿದರೂ ಏನೂ ಅನ್ನಲಿಲ್ಲ. ನಾನು ದೊಡ್ಡವನಾದೆ, ಅದಕ್ಕೇ ಗೌರವ ಎಂದುಕೊಂಡೆ. ಹತ್ತನೆಯ ತರಗತಿ ಮುಗಿಯಿತು, ನಾನು ಹೋಗುವುದನ್ನು ಬಿಟ್ಟೆ.

ಹನ್ನೆರಡು ವರ್ಷ ಕಳೆದು, ಧಾರವಾಡದಲ್ಲಿ ನನಗೆ ಸಾಲಿ ಮಾಸ್ತರಿಕೆ ಸಿಕ್ಕ ಮೇಲೆ ಕಾಕಾ ಹಾಸಿಗೆ ಹಿಡಿದ ಸುದ್ದಿ ಬಂತು, ನೋಡಲು ಹೋದೆ. ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದಿದ್ದವು. ಮಾತು ನಿಧಾನವಾಗಿತ್ತು, ನಾಲಗೆಯ ಹರಿತ ಮಾತ್ರ ಹಾಗೇ ಇತ್ತು. ಕಾಕಿ ಚಹಾ ಇಟ್ಟು ಒಳಗೆ ಹೋದರು. ನಾನು ಒಂದು ವಾರದಿಂದ ಕೂಡಿಸಿಕೊಂಡಿದ್ದ ಧೈರ್ಯವನ್ನೆಲ್ಲ ಬಾಯಿಗೆ ತಂದು, "ಕಾಕಾ, ಅವತ್ತ ಮಲ್ಲು ಹೇಳಿದ್ದು ಖರೇ ಇತ್ರಿ. ನನಗ ಬಡದಿತ್ತು" ಎಂದೆ. ಅವರು ಬೆಚ್ಚಿಬೀಳಬಹುದು, ಬಯ್ಯಬಹುದು, ಕೊನೆಗೆ ಕ್ಷಮಿಸಬಹುದು ಎಂದು ಲೆಕ್ಕ ಹಾಕಿದ್ದೆ.

"ಗೊತ್ತೈತಿ" ಎಂದರು ಕಾಕಾ. "ಕಿವಿ ಹಿಂದ ಕುಂಕುಮ ಹಚ್ಚಿದಂಗ ಕೆಂಪಗ ಕಾಣಸ್ತಿತ್ತು. ನಾ ನೋಡಿದೆ. ಹುಡುಗ್ರೆಲ್ಲಾ ನೋಡಿದ್ರು."

"ಪ್ರವೀಣಾನೂ?"

"ಅವನ ಮೊದಲ ಉಳದವರಿಗೆ ಕಣ್ಸನ್ನಿಲೆ ತೋರಿಸಿದಾವ. ಅವರಿಗೆ ಬೆಳಗಾವ್ಯಾಗ ಗೆಲ್ಲೂದಿತ್ತು. ಮಲ್ಯಾಗಿಂತ ನಿನ್ನ ಗುರಿ ಛಲೋ ಇತ್ತು. ಎಲ್ಲಾರೂ ಗಪ್ಪಾದ್ರು."

"ನೀವು? ನೀವು ಯಾಕ ಸುಮ್ಮನಿದ್ರಿ?"

"ಬಡಿಸಿಕೊಂಡಾವ ಇಲ್ಲ ಅಂದಮ್ಯಾಲ ನನಗೆಲ್ಲಿ ಬಾಯಿ?" ಉಸಿರು ತೆಗೆದುಕೊಂಡು ಮುಂದುವರಿಸಿದರು. "ನಿನ್ನ ಸಾಲಿನ ಹಿಂದ ಯಾಕ ನಿಲ್ಲಿಸಿದೆ ಅಂತೀ? ಆರು ಮಂದಿ ಹೊಡೆಯೂತನಾ ನಿನ್ನ ಮಾರೀನ ನೋಡಾಕತ್ತಿದ್ದೆ. ಈಗ ಹೇಳ್ತಾನ, ಈಗ ಹೇಳ್ತಾನ ಅಂತ. ನೀ ಬಂದೂಕ ಎತ್ತಿದಿ."

ನನಗೆ ಮೈಯೆಲ್ಲ ಬೆಂಕಿಯಾಯಿತು. ಅವರ ಮೇಲೆ ಅಂಥ ಸಿಟ್ಟು ಅಲ್ಲಿಯವರೆಗೆ ಎಂದೂ ಬಂದಿರಲಿಲ್ಲ. ನನ್ನನ್ನು ಪರೀಕ್ಷೆ ಮಾಡಲು ಈ ಮುದುಕ ಮತ್ತೊಬ್ಬನ ಬೆನ್ನು ಬಳಸಿದ್ದ. "ನನ್ನ ಸಲುವಾಗಿ ಅವಗ ಏಳು ಪೆಟ್ಟು ಹಾಕಿಸಿದ್ರೇನ್ರಿ? ಹನ್ನೆರಡು ವರ್ಷದ ಹುಡುಗಗ? ಒಂದಕ್ಕ ನಿಲ್ಲಸಬೇಕಿತ್ತಲ್ರಿ" ಎಂದು ಕೂಗಿದೆ.

ಕಾಕಾ ನನ್ನನ್ನೇ ನೋಡಿದರು. ಎಡಗಣ್ಣಿನಿಂದ ಮಾತ್ರ ನೀರು ಇಳಿಯಿತು. ಅಳುವೋ, ರೋಗವೋ ತಿಳಿಯಲಿಲ್ಲ.

"ಬೇಕಿತ್ತು" ಎಂದರು. "ಆಮ್ಯಾಲ ಅವನ ಕಡೆ ಹೋಗಿದ್ದೇನು ನೀ?"

"ಇಲ್ರಿ."

"ನಾನೂ ಹೋಗಲಿಲ್ಲ. ಚಾ ಕುಡಿ, ಆರತೈತಿ."

ಕುಡಿದು ಬಂದೆ. ಆ ತಿಂಗಳ ಕೊನೆಯಲ್ಲಿ ಕಾಕಾ ಹೋದರು. ಮಣ್ಣು ಕೊಡಲು ಹಳೆಯ ಹುಡುಗರೆಲ್ಲ ಬಂದಿದ್ದರು. ಪ್ರವೀಣ ನನ್ನ ಹೆಗಲ ಮೇಲೆ ಕೈ ಹಾಕಿ, ಎಂಥ ಶಿಸ್ತಿನ ಮನುಷ್ಯ ಎಂದು ಕಣ್ಣೊರೆಸಿಕೊಂಡ. ನಾನೂ ಹೌದೆಂದೆ. ಯಾರೋ ಮಲ್ಲುವಿಗೆ ತಿಳಿಸಬೇಕಿತ್ತು ಎಂದರು; ಅವನ ನಂಬರು ಯಾರ ಹತ್ತಿರವೂ ಇರಲಿಲ್ಲ.

ನಮ್ಮ ಸಾಲಿಯ ಮುಂದಿನ ಸ್ಟಾಪಿನಲ್ಲಿ ಗರಗದ ಬಸ್ಸು ದಿನಾಲು ನಿಲ್ಲುತ್ತದೆ. ಅರ್ಧ ಗಂಟೆಯ ದಾರಿ. ಖಾದಿ ನೇಯುವವರ ಮನೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕಾಕಾ ತೀರಿಕೊಂಡು ಈ ಶ್ರಾವಣಕ್ಕೆ ನಾಲ್ಕು ವರ್ಷ. ನಾನು ಇನ್ನೂ ಆ ಬಸ್ಸು ಹತ್ತಿಲ್ಲ.