ತಂಗಿ ಕಟ್ಟಿಸಿದ ಗೋಡೆಗೆ ಟಿವಿ

ಬೀದಿಯವರೆಲ್ಲ ಅವಳನ್ನು ಟೇಲರಕ್ಕ ಎಂದೇ ಕರೆಯುತ್ತಿದ್ದರು. ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ಎತ್ತಿದ ಕೈ. ನಾಲಿಗೆ ಮಾತ್ರ ಕತ್ತರಿಗಿಂತ ಹರಿತ. ಅಂಗಡಿ ಬೋರ್ಡು ಬರೆಯುತ್ತಿದ್ದ ಗಂಡ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೇಲೆ ಅವಳ ಹೊಲಿಗೆ ಯಂತ್ರವೂ ಅವನ ಮಂಚದ ಪಕ್ಕಕ್ಕೆ ಬಂತು. ಅವನು ಎದ್ದು ಕೂರುವಂತಿರಲಿಲ್ಲ.

“ಸೂರು ನೋಡಿ ನೋಡಿ ಬಾಯಿಪಾಠ ಆಗೋಗಿದೆ ಕಣೇ,” ಎಂದ ಒಂದು ದಿನ. “ಆ ಟಿವೀನ ಎದುರುಗಡೆ ಗೋಡೆಗೆ, ಎತ್ತರದಲ್ಲಿ ಹಾಕೋಕಾಗಲ್ವಾ?”

ಎದುರಿಗಿದ್ದದ್ದು ತಂಗಿ ಕಟ್ಟಿಸಿದ ಗೋಡೆ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ತನ್ನ ಪಾಲು ಬೇಕೆಂದು ಟೇಲರಕ್ಕ ಪಟ್ಟು ಹಿಡಿದಿದ್ದಳು. ಹಾಸಿಗೆ ಹಿಡಿದಿದ್ದ ತಾಯಿಯನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಂಡಿದ್ದ ತಂಗಿ ವಾದಕ್ಕಿಳಿಯಲಿಲ್ಲ. ಹಜಾರದ ನಡುವೆ ಜಿಪ್ಸಮ್ ಬೋರ್ಡಿನ ಗೋಡೆ ಎಬ್ಬಿಸಿ, ಆಚೆ ಬದಿಗೆ ಬೇರೆ ಬಾಗಿಲು ಇಡಿಸಿಕೊಂಡಳು. ಅಂದಿನಿಂದ ಇಬ್ಬರ ನಡುವೆ ಮಾತಿರಲಿಲ್ಲ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಟೇಲರಕ್ಕ ಪ್ಲಾಸ್ಟಿಕ್ ಪ್ಲಗ್ಗು, ಸ್ಕ್ರೂ ಕೇಳಿದಳು. ಅಂಗಡಿಯವನು ಎಂಥ ಗೋಡೆಯೆಂದು ವಿಚಾರಿಸಿ, ಬೇಡವೆಂದು ತಲೆಯಾಡಿಸಿದ.

“ಅದು ಇಟ್ಟಿಗೆಗೆ ಸರಿ. ಜಿಪ್ಸಮ್‌ಗೆ ಹಾಕಿದ್ರೆ ಟಿವಿ ಭಾರಕ್ಕೆ ಪುಡಿ ಸಮೇತ ಕಿತ್ಕೊಂಡು ಬರುತ್ತೆ. ಮಲಗಿದವರಿಗೆ ಕಾಣ್ಲಿ ಅಂತ ಮುಂದಕ್ಕೆ ಬಾಗಿಸ್ತೀರ ಬೇರೆ, ಎಳೆತ ಇನ್ನೂ ಜಾಸ್ತಿ.”

ಅವನು ಡಬ್ಬಿಯಿಂದ ಟಾಗಲ್ ಬೋಲ್ಟ್ ತೆಗೆದು ತೋರಿಸಿದ. ಅದರ ಮಡಚಿದ ರೆಕ್ಕೆಗಳು ತೂತಿನೊಳಗೆ ಹೋಗಿ, ಹಿಂದೆ ಬಿಚ್ಚಿಕೊಂಡು ಬೋರ್ಡನ್ನು ಅವುಚಿ ಹಿಡಿಯುತ್ತವೆ.

“ಆದ್ರೆ ರೆಕ್ಕೆ ಬಿಚ್ಚೋಕೆ ಜಾಗ ಬೇಕು. ಒಳಗೆ ಎಷ್ಟು ಟೊಳ್ಳಿದೆ? ಚಾನೆಲ್ ಎಲ್ಲೆಲ್ಲಿದೆ?”

“ಚಾನೆಲ್ ಇರೋದು ಟಿವಿಯಲ್ಲಲ್ವಾ?”

“ಅದಲ್ಲಮ್ಮ, ಗೋಡೆಯೊಳಗಿನ ತಗಡಿನ ಕಂಬಿ. ಗೋಡೆ ಮಾಡಿಸಿದವರನ್ನೇ ಕೇಳ್ಕೊಂಡು ಬನ್ನಿ.”

ಯಾವುದು ಬೇಡವಾಗಿತ್ತೋ ಅದೇ ಕೊರಳಿಗೆ ಬಿದ್ದಿತ್ತು. ಬರಿಗೈಯಲ್ಲಿ ಮರಳಿದವಳು ತಂಗಿಯ ಬಾಗಿಲ ಮುಂದೆ ನಿಂತು, ಕೈಯೆತ್ತಿ ಇಳಿಸಿ, ಮತ್ತೆ ಎತ್ತಿ, ಕೊನೆಗೂ ತಟ್ಟಿದಳು.

ತಂಗಿ ಬಾಗಿಲು ತೆರೆದಳು. ಒಳಗೆ ಬಾ ಎನ್ನಲಿಲ್ಲ.

“ಆ ಗೋಡೆ ಒಳಗೆ ಏನಿದೆ?” ಇಷ್ಟು ಕಾಲದ ಮೇಲೆ ಟೇಲರಕ್ಕನ ಬಾಯಿಂದ ಹೊರಟ ಮೊದಲ ಮಾತು ಅದು. “ನಿನ್ನ ಭಾವಂಗೆ ಟಿವಿ ಹಾಕ್ಬೇಕಿತ್ತು.”

ತಂಗಿ ಅಕ್ಕನ ಮುಖವನ್ನೇ ನೋಡಿದಳು. ಅದು ಬಹಳ ಇಳಿದುಹೋಗಿತ್ತು.

“ನಾಲ್ಕು ಬೆರಳು ಟೊಳ್ಳಿದೆ. ತಲೆ ಮಟ್ಟದಲ್ಲಿ ಮಾತ್ರ ಮರದ ಅಡ್ಡಪಟ್ಟಿ ಕೊಡಿಸಿದೀನಿ, ನನ್ನ ಕಪಾಟಿಗೆ ಅಂತ. ನಡಿ, ತೋರಿಸ್ತೀನಿ.”

ಗೋಡೆ ಎದ್ದ ಮೇಲೆ ಅವಳು ಈಚೆ ಕಾಲಿಟ್ಟದ್ದು ಅದೇ ಮೊದಲು. ಬಂದವಳ ಕಣ್ಣು ಗೋಡೆಗೆ ಹೋಗಲಿಲ್ಲ. ಭಾವನ ಹಿಮ್ಮಡಿಗೆ ಹೋಯಿತು. ಅಲ್ಲಿ ಚರ್ಮ ಕೆಂಪೇರಿತ್ತು.

“ಅಕ್ಕ, ಹೀಗೇ ಬಿಟ್ರೆ ಹುಣ್ಣಾಗುತ್ತೆ. ದಿಂಬು ಹಿಮ್ಮಡಿ ಕೆಳಗಲ್ಲ, ಮೀನಖಂಡದ ಕೆಳಗೆ ಇಡ್ಬೇಕು.”

ದಿಂಬು ಸರಿಸಿಟ್ಟು, ಹಾಸಿದ ಬಟ್ಟೆಯನ್ನೇ ಹಿಡಿದೆಳೆದು ಅವನನ್ನು ಮಗ್ಗುಲಿಗೆ ತಿರುಗಿಸುವುದು ಹೇಗೆಂದು ತೋರಿಸಿದಳು. ಟೇಲರಕ್ಕ ದಿನಾ ಸೊಂಟ ಹಿಡಿದುಹೋಗುವಂತೆ ಹೆಣಗುತ್ತಿದ್ದ ಕೆಲಸ ಸದ್ದಿಲ್ಲದೆ ಆಗಿಹೋಯಿತು.

ಮರುದಿನ ಅಂಗಡಿಯಿಂದ ಬೋಲ್ಟು, ಟಿವಿ ಕೂರಿಸುವ ಬ್ರಾಕೆಟ್ಟು ತಂದು ಅಕ್ಕತಂಗಿಯರೇ ಟಿವಿ ಹಾಕಿದರು. ಬ್ರಾಕೆಟ್ಟಿನ ಕೆಳಗಿನ ತೂತುಗಳು ಅಡ್ಡಪಟ್ಟಿಯ ಮೇಲೆ ಬಂದವು. ಅಲ್ಲಿಗೆ ಮರದ ಸ್ಕ್ರೂ. ಮೇಲಿನವಕ್ಕೆ ಟಾಗಲ್ ಬೋಲ್ಟ್. ಟಿವಿ ಏರಿಸುವ ಮೊದಲು ಟೇಲರಕ್ಕ ಬ್ರಾಕೆಟ್ ಹಿಡಿದು ಮೈಭಾರವೆಲ್ಲ ಹಾಕಿ ಜಗ್ಗಿದಳು. ಅಲುಗಲಿಲ್ಲ.

“ನಿನ್ನನ್ನೇ ತಡ್ಕೊಂಡಿದೆ, ಇನ್ನು ಟಿವಿ ಯಾವ ಲೆಕ್ಕ!” ಎಂದ ಗಂಡ. ತಂಗಿಗೆ ನಗು ತಡೆಯಲಾಗಲಿಲ್ಲ.

ಅವನು ಮುಂದಿನ ಬೇಸಿಗೆಯವರೆಗೆ ಬದುಕಿದ. ಅಲ್ಲಿಯವರೆಗೂ ಅವನನ್ನು ತಿರುಗಿಸಲು ತಂಗಿ ಬರುತ್ತಿದ್ದಳು. ವಾರ್ತೆ ಮುಗಿಯುವ ತನಕ ಕೂತು ಹೋಗುತ್ತಿದ್ದಳು. ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಸಂಜೆ ಮಾತ್ರ, ಗಂಡನ ಬೆನ್ನು ಒರೆಸುತ್ತಿದ್ದ ಟೇಲರಕ್ಕ ತಲೆಯೆತ್ತದೆ ಕೇಳಿದಳು: “ಅಮ್ಮನ್ನ ನೀನೊಬ್ಬಳೇ ಹೇಗೆ ತಿರುಗಿಸ್ತಿದ್ದೆ?”

“ಕಷ್ಟ ಆಗ್ತಿತ್ತು ಅಕ್ಕ.”

ತಂಗಿ ಅಕ್ಕನ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು, ಉಳಿದ ಬೆನ್ನನ್ನು ತಾನೇ ಒರೆಸಿದಳು.