ಎಡಗಡೆ ಸೀಟು

ತಿಲಕ್ ನಗರದಲ್ಲಿ ನಂದು ಕಾರ್ ಸೀಟ್ ಹೊಲಿಯೋ ಅಂಗಡಿ. ಹಳೇ ಕಾರು ಕೊಂಡು, ಹೊಸದರಂಗೆ ಮಾಡಿ ಮಾರೋದನ್ನ ತೋರಿಸೋ ಟೀವಿಯವರು ಹೋದ ತಿಂಗಳು ಒಂದು ಕಾರು ತಂದರು. ನೋಡಿದರೆ ನಂದೇ. ಹೆಂಡತಿ ತೀರಿಕೊಂಡ ಮೇಲೆ ಮಾರಿದ್ದೆ.

ಕಾರ್ಯಕ್ರಮ ನಡೆಸೋ ಹುಡುಗಿ ಕ್ಯಾಮೆರಾ ಮುಂದೆ ಕೇಳಿದಳು. "ಏನಣ್ಣ, ಎಡಗಡೆ ಸೀಟು ಎರಡಿಂಚು ಎತ್ತರ ಇದೆ? ಯಾವ ಪುಣ್ಯಾತ್ಮ ಮಾಡಿದ್ದು?"

"ನಾನೇ ಮೇಡಂ. ನಮ್ಮನೆಯೋಳು ಗಿಡ್ಡ. ರಸ್ತೆ ಕಾಣಲ್ಲ ಅಂತಿದ್ಲು. ತೆಂಗಿನ ನಾರು ಜಾಸ್ತಿ ತುಂಬಿದ್ದೆ. ಈಗ ಅವಳಿಲ್ಲ."

ಹುಡುಗಿ ಸೀಟಿನ ಮೇಲೆ ಕೈಯಾಡಿಸಿದಳು. ಆಮೇಲೆ ಮೆಲ್ಲಗೆ, "ಹಾಗೇ ಬಿಡೋಣ್ವಾ ಅಣ್ಣ?" ಅಂದಳು.

ಬಿಡಿ ಅನ್ನೋ ಮಾತು ಬಾಯಿಗೆ ಬಂತು. ಆದರೆ ತಗೊಳ್ಳೋರ ತಲೆ ಟಾಪಿಗೆ ತಾಗಿದರೆ ಕೆಲಸಕ್ಕೆ ಕೆಟ್ಟ ಹೆಸರು. ಹೊಲಿಗೆ ಬಿಚ್ಚಿದೆ. ಆ ನಾರು ತುಂಬಿದ ದಿನ ನಮ್ಮನೆಯೋಳು ಜಯನಗರದಿಂದ ಬನಶಂಕರಿವರೆಗೂ ಅಂಗಡಿ ಬೋರ್ಡ್ ಒಂದೊಂದೇ ಓದಿಕೊಂಡು ಬಂದಿದ್ದಳು. ನಾರು ತೆಗೆಯೋಕೆ ಬಹಳ ಹೊತ್ತಾಯ್ತು.

ಸೀಟು ಸಮ ಆಯ್ತು. ಹುಡುಗಿ ಹತ್ತಿ ಕೂತಳು.

"ಮೇಡಂ, ಮುಖಾನೇ ಸಿಗ್ತಿಲ್ಲ. ಡ್ಯಾಶ್‌ಬೋರ್ಡ್ ಅಡ್ಡ ಬರ್ತಿದೆ" ಅಂದ ಕ್ಯಾಮೆರಾದವನು.

ಅವಳು ನನ್ನ ಕಡೆ ನೋಡಿದಳು. ಶೂಟಿಂಗ್ ಮುಗಿಯೋವರೆಗೆ ಅಂತ ಅದೇ ನಾರನ್ನ ಮತ್ತೆ ತುಂಬಿದೆ. ಮುಗಿದ ಮೇಲೆ ತೆಗಿ ಅಂತ ಯಾರೂ ಹೇಳಲಿಲ್ಲ. ನಾನೂ ಜ್ಞಾಪಿಸಲಿಲ್ಲ.