ವೆಂಕಟಲಕ್ಷ್ಮಮ್ಮನ ಬಲಗಾಲು

ಹಾರನಹಳ್ಳಿಯಲ್ಲಿ ಯಾರಾದರೂ ಹೊಸದಾಗಿ ಏನಾದರೂ ಶುರು ಮಾಡಬೇಕೆಂದರೆ ಮೊದಲು ಪಂಚಾಂಗ ನೋಡಿಸುತ್ತಾರೆ, ಆಮೇಲೆ ವೆಂಕಟಲಕ್ಷ್ಮಮ್ಮನಿಗೆ ಬಿಡುವಿದೆಯೇ ಎಂದು ವಿಚಾರಿಸುತ್ತಾರೆ. ನನ್ನನ್ನು ಕೇಳಿದರೆ ಎರಡನೆಯದೇ ಮುಖ್ಯ. ಹೊಸ ಮನೆಯಿರಲಿ, ಅಂಗಡಿಯಿರಲಿ, ಮೊದಲ ಹೆಜ್ಜೆ ಆಕೆಯದೇ ಆಗಬೇಕು, ಅದೂ ಬಲಗಾಲು. ಆಕೆ ಕಾಲಿಟ್ಟ ತೋಟದ ಬೋರಿನಲ್ಲಿ ನೀರು ಉಕ್ಕಿತಂತೆ, ಹೋಟೆಲು ಒಂದಿದ್ದದ್ದು ಎರಡಾಯಿತಂತೆ. ಕಾಲ್ಗುಣ ಅಂದರೆ ಅದು ಎಂದು ಊರು ಹೇಳುತ್ತಿತ್ತು. ನೀರು ಬಾರದ ಬೋರುಗಳೂ ಇದ್ದವು ಬಿಡಿ, ಅವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಇದರಿಂದ ಆಕೆಗೆ ಸಿಗುತ್ತಿದ್ದದ್ದು ಒಂದು ತೆಂಗಿನಕಾಯಿ, ಒಂದು ರವಿಕೆ ಕಣ. ಮನೆಯ ಹಿಂದೆಯೇ ತೆಂಗಿನ ತೋಟವಿದ್ದವಳಿಗೆ ಕಾಯಿಯ ಆಸೆಯೇನೂ ಇರಲಿಲ್ಲ. ತಾನು ಹೋಗಿ ನಿಂತರೆ ನಾಲ್ಕು ಜನಕ್ಕೆ ಧೈರ್ಯ ಬರುತ್ತದೆ ಎನ್ನುವುದು ಆಕೆಗೆ ಬಹಳ ಸಂತೋಷದ ಸಂಗತಿಯಾಗಿತ್ತು.

ಅಂಥ ಬಲಗಾಲಿನ ಸೊಂಟದ ಕೀಲೇ ಸವೆದುಹೋಯಿತು. ಗಂಡ ಚನ್ನಪ್ಪ ಎಣ್ಣೆ ತಿಕ್ಕಿದ, ಸೊಪ್ಪು ಕಟ್ಟಿದ, ಕೊನೆಗೆ ಹಾಸನಕ್ಕೆ ಕರೆದುಕೊಂಡು ಹೋದ. ಅಲ್ಲಿ ಹಳೇ ಕೀಲು ತೆಗೆದು ಹೊಸದು ಕೂರಿಸಿದರು. ಆಪರೇಷನ್ ಆದ ಮೇಲೆ ನಡಿಗೆ ಕಲಿಸಲು ಬಂದವಳು ಆಶಾರಾಣಿ ಎಂಬ ಅರಸೀಕೆರೆಯ ಹುಡುಗಿ, ಮಾತು ಬಲು ಖಡಕ್ಕು.

"ಅಮ್ಮ, ನೆಲದ ಮೇಲೆ ಕೂರಂಗಿಲ್ಲ, ಕಾಲ ಮೇಲೆ ಕಾಲು ಹಾಕಂಗಿಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು."

"ಅಂದ್ರೆ ಮನೆ ಒಳಕ್ಕೆ ಎಡಗಾಲಲ್ಲಿ ಹೋಗಿ, ಬಲಗಾಲಲ್ಲಿ ಆಚೆಗೆ ಬರೋದಾ?" ವೆಂಕಟಲಕ್ಷ್ಮಮ್ಮನಿಗೆ ಕೋಪ ಬಂತು. "ಲಕ್ಷ್ಮೀನ ಮನೆಯಿಂದ ಕಳಿಸಿಕೊಟ್ಟಂಗೈತೆ ಕಣವ್ವ."

"ಲಕ್ಷ್ಮಿಗೆ ನಾನು ಹೇಳ್ಕೋತೀನಿ. ನೀವು ಎಡಗಾಲು ಇಡಿ."

ಆಸ್ಪತ್ರೆಯ ಮೆಟ್ಟಿಲಲ್ಲಿ ಎಡಗಾಲಿಟ್ಟಳು. ಆಸ್ಪತ್ರೆ ಯಾರ ಮನೆಯೂ ಅಲ್ಲವಲ್ಲ. ಆದರೆ ಊರಿಗೆ ಬಂದ ದಿನ ಮನೆಯ ಮುಂದೆ ಬೀದಿಯೇ ನೆರೆದಿತ್ತು. ಪಕ್ಕದ ಮನೆಯ ರಂಗಮ್ಮ ಆರತಿ ತಟ್ಟೆ ಹಿಡಿದು ಜಗುಲಿಯ ಮೇಲೆ ನಿಂತಿದ್ದಳು. ಅಷ್ಟು ಜನರೆದುರು ಸ್ವಂತ ಮನೆಗೆ ಎಡಗಾಲಿಟ್ಟು ಹೋಗುವುದೇ? ಚನ್ನಪ್ಪ ಬೇಡ ಬೇಡ ಅನ್ನುವಷ್ಟರಲ್ಲಿ ಬಲಗಾಲನ್ನು ಎತ್ತಿ ಮೆಟ್ಟಿಲ ಮೇಲೆ ಇಟ್ಟೇಬಿಟ್ಟಳು. ಕಾಲು ಭಾರ ತಡೆಯಲಿಲ್ಲ. ಚನ್ನಪ್ಪ ತಬ್ಬಿ ಹಿಡಿದದ್ದರಿಂದ ಬೀಳದೆ ಉಳಿದಳು. ಗಾಬರಿಯಲ್ಲಿ ರಂಗಮ್ಮನ ಕೈಯ ತಟ್ಟೆ ಜಾರಿ ಆರತಿಯ ಕೆಂಪು ನೀರು ಅಂಗಳದ ತುಂಬ ಹರಿಯಿತು.

ಊರ ಬಾಯಿಗೆ ಇನ್ನೇನು ಬೇಕು? "ಆ ಕಾಲಲ್ಲಿ ಈಗೇನೈತೆ? ಕಬ್ಬಿಣ. ಕಬ್ಬಿಣಕ್ಕೆಂಥ ಕಾಲ್ಗುಣ?" ಎಂದು ರಂಗಮ್ಮ ನಲ್ಲಿಯ ಹತ್ತಿರ ಅಂದಳಂತೆ. ಆ ತಿಂಗಳು ಅದೇ ಬೀದಿಯ ಕೃಷ್ಣಪ್ಪ ಹೊಸ ಕೊಟ್ಟಿಗೆ ಕಟ್ಟಿಸಿ ಹಸು ನುಗ್ಗಿಸಿದ. ವೆಂಕಟಲಕ್ಷ್ಮಮ್ಮನನ್ನು ಕರೆಯಲಿಲ್ಲ. ಮಂಗಳವಾದ್ಯದ ಸದ್ದು ಕಿಟಕಿಯಲ್ಲಿ ಬರುತ್ತಿದ್ದಾಗ ಆಕೆ ಗೋಡೆಗೆ ಮುಖ ಮಾಡಿಕೊಂಡು ಅತ್ತಳು.

"ಕಾಲು ನೋಯ್ತಾ ಐತಾ?" ಎಂದ ಚನ್ನಪ್ಪ.

"ಕಾಲಲ್ಲ, ಸುಮ್ಕಿರಿ," ಎಂದಳು.

ಮಾರನೆಯ ವಾರ ಮನೆಗೆ ಬಂದವಳು ಹೇಮಾಶ್ರೀ, ಅದೇ ರಂಗಮ್ಮನ ಸೊಸೆ. "ದೊಡ್ಡಮ್ಮ, ಬಸ್ ಸ್ಟ್ಯಾಂಡ್ ಹತ್ರ ಟೈಲರಿಂಗ್ ಅಂಗಡಿ ಇಡ್ತಾ ಇದೀನಿ. ಮೊದಲು ನೀವೇ ಕಾಲಿಡಬೇಕು."

"ನಿಮ್ಮತ್ತೆ ಒಪ್ತಾಳಾ?"

"ಒಪ್ಪಲ್ಲ. ನನ್ನ ಮದುವೇಲಿ ಹೊಸಿಲ ಹತ್ರ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದೋರು ನೀವು. ದೀಪಾವಳಿ ಬಟ್ಟೆ ಹೊಲಿಯೋ ಹೊತ್ತಿಗೆ ಅಂಗಡಿ ತೆಗೀಬೇಕು. ನೀವು ಮೆಟ್ಲು ಹತ್ತೋ ಹಾಗಾಗೋವರೆಗೂ ಶಟರ್ ಎತ್ತಲ್ಲ."

ವೆಂಕಟಲಕ್ಷ್ಮಮ್ಮನಿಗೆ ಎದೆ ತುಂಬಿ ಬಂತು, ಅದರ ಹಿಂದೆಯೇ ಭಯವೂ ಬಂತು. ಈ ಸಲ ಎಡವಿದರೆ ತನ್ನ ಹೆಸರೊಂದೇ ಹೋಗುವುದಿಲ್ಲ, ಆ ಹುಡುಗಿಯ ಅಂಗಡಿಯ ಹೆಸರೂ ಕೆಡುತ್ತದೆ.

ಹಾಸನದಿಂದ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಆಶಾರಾಣಿ ಆಗಾಗ ಬಸ್ಸಿಳಿದು ನೋಡಿಕೊಂಡು ಹೋಗುತ್ತಿದ್ದಳು. ಆಕೆಯನ್ನು ಹಿಡಿದು ವೆಂಕಟಲಕ್ಷ್ಮಮ್ಮ ಕೇಳಿಯೇ ಕೇಳಿದಳು: "ಬಲಗಾಲು ಮೊದಲು ಇಡೋ ದಿನ ಬತ್ತದೋ ಇಲ್ವೋ, ಅದ್ನ ಹೇಳು."

"ಬರುತ್ತೆ ಅಮ್ಮ. ಕಾಲಿಗೆ ಶಕ್ತಿ ಬಂದ್ರೆ ಯಾವ ಕಾಲಾದ್ರೂ ಇಡಬಹುದು. ಕೀಲು ಹೊಸದು, ಆದ್ರೆ ಮಾಂಸಖಂಡ ಹಳೇದೇ. ಅದಕ್ಕೆ ಕೆಲಸ ಕೊಡಬೇಕು, ನಾನು ಹೇಳಿದಷ್ಟೇ, ಜಾಸ್ತಿ ಬೇಡ."

ಅಷ್ಟು ಸಾಕಾಯಿತು. ಕಿಟಕಿಯ ಸರಳು ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದು, ಇಳಿಸುವುದು. ವಾಕರ್ ಹಿಡಿದು ತೋಟದ ಬೇಲಿಯವರೆಗೆ ಹೋಗುವುದು, ಬರುವುದು. ಕಾಯಿ ತುರಿಯಲು ಕೂರುತ್ತಿದ್ದ ಮಣೆ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಚನ್ನಪ್ಪ ಅದನ್ನು ಗೋಡೆಯ ಪಕ್ಕ ಇಟ್ಟು, "ಕೂರಂಗಿಲ್ಲ ಅಂದವ್ರೆ, ಹತ್ತಂಗಿಲ್ಲ ಅಂದಿಲ್ವಲ್ಲ," ಎಂದ. ಆಶಾರಾಣಿ ಮಣೆ ಅಲುಗಾಡುತ್ತದೆಯೇ ಎಂದು ತುಳಿದು ನೋಡಿ ಒಪ್ಪಿದಳು. ಗೋಡೆ ಹಿಡಿದು ಬಲಗಾಲು ಮಣೆಯ ಮೇಲೆ. ಮೊದಮೊದಲು ಕಾಲು ಗಡಗಡ ನಡುಗುತ್ತಿತ್ತು, ವೆಂಕಟಲಕ್ಷ್ಮಮ್ಮ ಕಾಲಿಗೂ ಬೈದಳು, ಮಣೆಗೂ ಬೈದಳು, ಪಕ್ಕದಲ್ಲಿ ನಿಂತು ನಗುತ್ತಿದ್ದ ಗಂಡನಿಗಂತೂ ಇನ್ನಿಲ್ಲದಂತೆ ಬೈದಳು. ಒಂದು ದಿನ ಬೈಯುವುದನ್ನು ಮರೆತಳು. ಕಾಲು ನಡುಗಿರಲಿಲ್ಲ. ವಾಕರ್ ಅಟ್ಟ ಸೇರಿತು, ಕೈಗೆ ಊರುಗೋಲು ಬಂತು, ಮಣೆಯ ಜಾಗಕ್ಕೆ ಜಗುಲಿಯ ಮೆಟ್ಟಿಲು ಬಂತು.

ಅಂಗಡಿಯ ದಿನ ಬಸ್ ಸ್ಟ್ಯಾಂಡಿನಲ್ಲಿ ಜನ ಬಸ್ಸು ಬಂದರೂ ಹತ್ತದೆ ನಿಂತು ನೋಡುತ್ತಿದ್ದರು. ಅಂಗಡಿಗೆ ಮೂರು ಎತ್ತರದ ಮೆಟ್ಟಿಲು, ಹಿಡಿಯಲು ಕಂಬಿಯಿಲ್ಲ. ಹೇಮಾಶ್ರೀ ಶಟರ್ ಎತ್ತಿ ಪಕ್ಕಕ್ಕೆ ಸರಿದಳು. ಸೊಸೆಯ ಹಠಕ್ಕೆ ಸೋತು ಬಂದಿದ್ದ ರಂಗಮ್ಮನ ಕೈಯಲ್ಲಿ ಅದೇ ಆರತಿ ತಟ್ಟೆ. ತಟ್ಟೆಯ ದೀಪ ಅಲುಗುತ್ತಿತ್ತು. ವೆಂಕಟಲಕ್ಷ್ಮಮ್ಮ ಎಡಗೈಯಲ್ಲಿ ಊರುಗೋಲು ಊರಿ ತಲೆಯೆತ್ತಿ ನೋಡಿದಳು.

"ತಟ್ಟೆ ಗಟ್ಟಿಯಾಗಿ ಹಿಡ್ಕೊ ರಂಗಮ್ಮ. ಕಾಲು ನಾನು ನೋಡ್ಕೋತೀನಿ."

ಬಲಗಾಲು ಎತ್ತಿದಳು, ಇಟ್ಟಳು. ಭಾರ ಬಿಟ್ಟಳು. ಕಾಲು ನಿಂತಿತು. ಎಡಗಾಲು ಜೊತೆಗೆ ಬಂತು. ಮತ್ತೆ ಬಲಗಾಲು, ಮತ್ತೆ ಬಲಗಾಲು. ಹೊಸಿಲನ್ನೂ ಬಲಗಾಲಲ್ಲೇ ದಾಟಿ ಹೊಲಿಗೆ ಯಂತ್ರದ ಮುಂದೆ ನಿಂತಾಗ ಹೇಮಾಶ್ರೀ ಅಳುತ್ತಿದ್ದಳು, ಚನ್ನಪ್ಪ ಟವೆಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ. ರಂಗಮ್ಮ ಆರತಿ ಎತ್ತಿ ಕುಂಕುಮ ಇಟ್ಟು, "ನಾಲಿಗೆಗೆ ಎಲುಬಿಲ್ಲ ಕಣಕ್ಕ, ಏನೋ ಅಂದ್ಬಿಟ್ಟೆ," ಎಂದಳು.

"ಅಂದಿದ್ದು ಒಳ್ಳೇದೇ ಆಯ್ತು. ಇಲ್ದಿದ್ರೆ ನಾನು ಮಣೆ ಹತ್ತುತಿದ್ನಾ?" ಎಂದು ಮಡಿಲಿಗೆ ಬಿದ್ದ ರವಿಕೆ ಕಣವನ್ನು ಅಲ್ಲೇ ಹೊಲಿಯಲು ಕೊಟ್ಟಳು. ಅಂಗಡಿಗೆ ಆಕೆಯೇ ಮೊದಲ ಗಿರಾಕಿ.

ಚನ್ನಪ್ಪ ಆಟೋ ಕರೆದರೆ ಆಕೆ ಬೇಡವೆಂದಳು. ರಂಗಮ್ಮನ ಜೊತೆ ಮಾತಾಡುತ್ತ, ಕೃಷ್ಣಪ್ಪನ ಹಸು ಹಾಲು ಕಡಿಮೆ ಕೊಡುತ್ತಿದೆಯಂತೆ ಎಂಬ ಸುದ್ದಿಗೆ ಅಯ್ಯೋ ಪಾಪ ಅನ್ನುತ್ತ, ಒಳಗೊಳಗೇ ಸ್ವಲ್ಪ ಖುಷಿಪಡುತ್ತ, ನಡೆದೇ ಮನೆಗೆ ಬಂದಳು. ಒಳಗೆ ಹೋಗಿ ನೀರು ಕುಡಿದ ಮೇಲೆ ಥಟ್ಟನೆ ನೆನಪಾಯಿತು.

"ಏನ್ರೀ, ಈಗ ಮೆಟ್ಲು ಹತ್ತುವಾಗ ನಾನು ಯಾವ ಕಾಲು ಮೊದಲು ಇಟ್ಟೆ?"

"ನಾನೆಲ್ಲಿ ನೋಡ್ದೆ," ಎಂದ ಚನ್ನಪ್ಪ. "ಹತ್ಕೊಂಡು ಬಂದೆಯಲ್ಲ."

ವೆಂಕಟಲಕ್ಷ್ಮಮ್ಮ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಜಗುಲಿಯ ಮೇಲೆ ಬಿಟ್ಟು ಬಂದಿದ್ದ ಊರುಗೋಲನ್ನು ಚನ್ನಪ್ಪ ಒಳಗೆ ತಂದಿಟ್ಟ.